ಕಾಲುವೆಯ ಮೇಲ್ಭಾಗ, ಕಾಲುವೆಯ ಕೆಳಭಾಗ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹವಾಮಾನ ಬದಲಾವಣೆಯ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಲಾಗಿದೆ. ಅದರ ಅಪಾಯಗಳ ಪಟ್ಟಿಯನ್ನು ನಾನು ಇಲ್ಲಿ ಓದುವುದಿಲ್ಲ. ಆ ಪಟ್ಟಿಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೂ ಇದ್ದೀರಿ. ನಾನು ಮಾತನಾಡಬೇಕೆಂದಿರುವುದು ಅದರ ಸುತ್ತ ನಡೆಯುವ ಜಗಳದ ಬಗ್ಗೆ.

ಮೇ ತಿಂಗಳಲ್ಲಿ ರಾಯಚೂರಿನ ಯಾವ ಚಹಾದ ಹೋಟೆಲಿನಲ್ಲಿ ಕುಳಿತರೂ ಈ ಜಗಳ ಕಿವಿಗೆ ಬೀಳುತ್ತದೆ. "ರಾಯಚೂರಿಗೆ ಬಿಸಿಲು ಹೊಸದೇನ್ರೀ, ನಮ್ಮ ಅಜ್ಜನ ಕಾಲದಾಗೂ ಹಿಂಗ ಇತ್ತು" ಎಂದು ಒಬ್ಬರು. "ಇದೆಲ್ಲಾ ಅಮೆರಿಕದವರು ನಮ್ಮ ಕೈ ಕಟ್ಟಾಕ ಹೂಡಿದ ಆಟ" ಎಂದು ಇನ್ನೊಬ್ಬರು. "ಶಕ್ತಿನಗರದ ಚಿಮಣಿ ಮುಚ್ಚಿದ್ರ ಎಲ್ಲಾ ಸರಿ ಆಗ್ತದ" ಎಂದು ಮೂರನೆಯವರು ಅನ್ನುವಷ್ಟರಲ್ಲಿ, "ಮುಚ್ಚಿದ್ರ ನಮ್ಮ ಮನಿ ಒಲಿ ಹೊತ್ತಿಸೋರು ಯಾರು?" ಎಂದು ಮೂಲೆಯಿಂದ ಒಂದು ದನಿ ಏಳುತ್ತದೆ. ನಾಲ್ವರೂ ತಾವು ಒಂದೇ ವಿಷಯಕ್ಕೆ ವಾದಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಆದರೆ ಬಿಸಿಲು ಹೆಚ್ಚಿದೆಯೇ ಎಂಬುದು ಅಳತೆಯ ಪ್ರಶ್ನೆ. ಥರ್ಮಾಮೀಟರು ಉತ್ತರ ಹೇಳುತ್ತದೆ. ತಪ್ಪು ಯಾರದು, ದಂಡ ಕಟ್ಟುವವರು ಯಾರು ಎಂಬುದಕ್ಕೆ ಯಾವ ಥರ್ಮಾಮೀಟರೂ ಉತ್ತರ ಹೇಳಲಾರದು. ಈ ಎರಡನ್ನು ಕಲಸಿಬಿಟ್ಟರೆ ಮಾತು ಬೆಳೆಯುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ.

ಮಾನ್ವಿಯ ಬಂಧುಗಳಿಗೆ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇನೆ. ಭತ್ತದ ಗದ್ದೆಯ ಉದಾಹರಣೆ.

ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿ ಕೊಳೆಯುವ ಕೂಳೆ, ಬೇರು, ಗೊಬ್ಬರಗಳಿಂದ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ತಯಾರಿಸುತ್ತವೆ. ಅದು ಬಹುಪಾಲು ಭತ್ತದ ಗಿಡದ ಒಳಗಿನ ನಾಳಗಳ ಮೂಲಕವೇ ಮೇಲಕ್ಕೆ ಬಂದು ಗಾಳಿ ಸೇರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. 1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ, ಭೂಮಿಯನ್ನು ಬಿಸಿ ಮಾಡುತ್ತಿರುವ ದೇಶಗಳ ಒಂದು ಪಟ್ಟಿ ಪ್ರಕಟಿಸಿತು. ಅದರಲ್ಲಿ ಭಾರತಕ್ಕೆ ಐದನೆಯ ಸ್ಥಾನ! ಕಾರಣಗಳಲ್ಲಿ ಮುಖ್ಯವಾದದ್ದು ನಮ್ಮ ಭತ್ತದ ಗದ್ದೆಗಳು ಮತ್ತು ದನಕರುಗಳು ಬಿಡುವ ಮೀಥೇನ್.

ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಇದಕ್ಕೆ 1991ರಲ್ಲಿ ಒಂದು ಪುಸ್ತಿಕೆಯ ಮೂಲಕ ಉತ್ತರ ಕೊಟ್ಟರು. ಅದರ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಹೊಟ್ಟೆಪಾಡಿನ ಹೊಗೆ ಬೇರೆ, ಭೋಗದ ಹೊಗೆ ಬೇರೆ. ಬಡವನು ಅನ್ನಕ್ಕಾಗಿ ಬೆಳೆಯುವ ಭತ್ತವನ್ನೂ, ಶ್ರೀಮಂತನ ಎರಡನೆಯ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇದು ನ್ಯಾಯದ ವಾದ. ಭಾರತ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ವರ್ಷ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ವಿಜ್ಞಾನಿಗಳು ದೇಶದ ಬೇರೆ ಬೇರೆ ಭಾಗದ ಗದ್ದೆಗಳಿಗೆ ಇಳಿದು, ಹೊರಬರುವ ಅನಿಲವನ್ನು ಸಂಗ್ರಹಿಸಿ ಅಳೆದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ ಭಾರತದ ಗದ್ದೆಗಳಿಂದ ವರ್ಷಕ್ಕೆ ಮೂರೂವರೆ ಕೋಟಿ ಟನ್ನಿಗೂ ಹೆಚ್ಚು ಮೀಥೇನ್ ಹೊರಬರಬೇಕಿತ್ತು. ಅಳತೆಯಲ್ಲಿ ಸಿಕ್ಕಿದ್ದು ಸುಮಾರು 40 ಲಕ್ಷ ಟನ್! ಪರದೇಶದ ಗದ್ದೆಗಳ ಅಂಕಿಯನ್ನು ನಮ್ಮ ಎಕರೆಗಳಿಗೆ ಗುಣಿಸಿದ್ದರಿಂದ ಆದ ಎಡವಟ್ಟು ಅದು. ನಮ್ಮ ಎಷ್ಟೋ ಗದ್ದೆಗಳು ಮಳೆಯಾಶ್ರಿತ, ನಡುನಡುವೆ ಒಣಗುತ್ತವೆ.

ಈ ಪ್ರಸಂಗದಲ್ಲಿ ನನಗೆ ಮೆಚ್ಚುಗೆಯಾದದ್ದು, ನಮ್ಮವರು "ಮೀಥೇನ್ ಎಂಬುದೇ ಸುಳ್ಳು" ಎಂದು ಕೂಗಲಿಲ್ಲ ಎಂಬುದು. ಅಳೆದು ತೋರಿಸಿದರು. ಅಳೆದ ಮೇಲೆ ಉತ್ತರ ಸೊನ್ನೆಯೂ ಬರಲಿಲ್ಲ ಎಂಬುದನ್ನು ಮರೆಯಬೇಡಿ. 40 ಲಕ್ಷ ಟನ್ ಸಣ್ಣ ಮೊತ್ತವಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಂಶಯ ಪಡುವುದು ತಪ್ಪೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಖಂಡಿತ ಅಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈತಮ್ ಅವರು ಸಾವಿರ ವರ್ಷಗಳ ಹಿಂದೆ ಟಾಲೆಮಿಯಂಥ ಪಂಡಿತನ ಮೇಲೆಯೇ ಸಂಶಯಗಳ ಒಂದು ಗ್ರಂಥ ಬರೆದರು. ಆದರೆ ಬೆಳಕಿನ ವಿಷಯಕ್ಕೆ ಬಂದಾಗ ಕತ್ತಲೆ ಕೋಣೆಯಲ್ಲಿ ಪ್ರಯೋಗ ಮಾಡಿ ನೋಡಿದರು. ಸಂಶಯವು ಅಳತೆಯ ಕಡೆ ನಡೆದರೆ ಅದು ವಿದ್ಯೆ. ಅಳತೆಯಿಂದ ತಪ್ಪಿಸಿಕೊಳ್ಳಲು ಸಂಶಯವನ್ನು ಬಳಸಿದರೆ ಅದು ವ್ಯಾಪಾರ. ವ್ಯಾಪಾರ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಮೆರಿಕದ ಎಕ್ಸಾನ್ ತೈಲ ಕಂಪನಿಗೆ ಅದರ ವಿಜ್ಞಾನಿಗಳೇ 1977ರಿಂದ ಎಚ್ಚರಿಕೆ ಕೊಡುತ್ತಾ ಬಂದರು. ಅವರು ಹಾಕಿದ್ದ ತಾಪಮಾನದ ಲೆಕ್ಕಗಳು ಬಹುಮಟ್ಟಿಗೆ ಸರಿಯಾಗಿದ್ದವೆಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಳಗೆ ಆ ಲೆಕ್ಕ ಇಟ್ಟುಕೊಂಡು, ಹೊರಗೆ ಜನರ ಮುಂದೆ ಸಂಶಯ ಬಿತ್ತಲಾಯಿತು.

ಅಳತೆಯ ಭಾಗದಲ್ಲಿ ಈಗ ಹೆಚ್ಚು ಜಗಳ ಉಳಿದಿಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆ ಎಂದು ಟಿಂಡಾಲ್ 1859ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅದನ್ನು ಅಳೆಯಲು ಆರಂಭಿಸಿದ 1958ರಲ್ಲಿ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಅದರ ಪಾಲು 315ರಷ್ಟಿತ್ತು. ಈಗ 420ನ್ನು ದಾಟಿದೆ. ದಾಖಲೆಯಲ್ಲಿರುವ ವರ್ಷಗಳಲ್ಲೆಲ್ಲ 2024 ಅತಿ ಬಿಸಿಯಾದ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಹಾಗೆಂದು ಅಜ್ಜನ ಕಾಲದ ಬಿಸಿಲನ್ನು ನೆನೆಯುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ನಮ್ಮದು ಮೊದಲಿನಿಂದಲೂ ಬಿಸಿಲ ನಾಡೇ. ಬಿಸಿಲ ನಾಡಿಗೆ ಇನ್ನೊಂದು ಡಿಗ್ರಿ ಸೇರಿದರೆ, ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವವನಿಗೆ ಅದು ಊಟಿಗೆ ಸೇರುವ ಒಂದು ಡಿಗ್ರಿಯಂತಲ್ಲ ಎಂಬುದಷ್ಟೇ ನನ್ನ ಮಾತು.

ಇದರ ಇನ್ನೊಂದು ಮಗ್ಗುಲೂ ಇದೆ. ಈಚೆಗೆ ಏನು ಕೆಟ್ಟರೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವ ಚಾಳಿ ಬಂದಿದೆ. ಅಧಿಕಾರದಲ್ಲಿ ಇರುವವರಿಗೆ ಇದು ಬಹಳ ಅನುಕೂಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅದು ಹಳೆಯ ಸರಪಳಿಯ, ನಿರ್ವಹಣೆಯ ವಿಷಯ. ಅದಕ್ಕೆ ಮೌನಾ ಲೋವಾ ತನಕ ಹೋಗಬೇಕಿಲ್ಲ. 133 ಟಿಎಂಸಿ ನೀರು ಹಿಡಿಯುತ್ತಿದ್ದ ಅದೇ ಜಲಾಶಯ ಈಗ ಸುಮಾರು 105ಕ್ಕೆ ಇಳಿದಿರುವುದು ಹೂಳಿನಿಂದ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಉತ್ತರ ಕರ್ನಾಟಕದ ಹಳ್ಳಿಗಳು ಮುಳುಗಿದವು, ಮಂತ್ರಾಲಯದೊಳಗೆ ತುಂಗಭದ್ರೆ ನುಗ್ಗಿತು, ಆಮೇಲೆ 'ಆಸರೆ' ಮನೆಗಳು ಬಂದವು. ಅಂದು ಸುರಿದದ್ದು ಅಸಾಧಾರಣ ಮಳೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು. ಆದ್ದರಿಂದ ಇಂಥ ಮಳೆಗೆ ದಾರಿ ಸುಗಮವಾಗುತ್ತಿದೆ ಎನ್ನಬಹುದು. ಅಣೆಕಟ್ಟುಗಳಿಂದ ನೀರನ್ನು ಮೊದಲೇ ಬಿಡಬಹುದಿತ್ತೇ, ನದಿಯ ಅಂಚಿನಲ್ಲಿ ಮನೆ ಕಟ್ಟಲು ಬಿಟ್ಟವರು ಯಾರು ಎಂಬ ಪ್ರಶ್ನೆಗಳನ್ನು ಆ ಮಾತಿನ ಹಿಂದೆ ಬಚ್ಚಿಡಬಾರದು.

ಈಗ ನ್ಯಾಯದ ಜಗಳಕ್ಕೆ ಬರುತ್ತೇನೆ. ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ರಾಯಭಾರಿಗಳು ಗಂಟೆಗಟ್ಟಲೆ ವಾದಿಸುವ ವಿಷಯವಿದು. ಆದರೆ ಇದನ್ನು ಅರ್ಥಮಾಡಿಕೊಳ್ಳಲು ರಾಯಚೂರು ಜಿಲ್ಲೆಯವರಿಗಿಂತ ಯೋಗ್ಯರು ಯಾರೂ ಇಲ್ಲ ಎಂದು ನನ್ನ ಅಭಿಪ್ರಾಯ. ಏಕೆಂದರೆ ನಮಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತು.

ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕಿನವರೆಗೆ 227 ಕಿಲೋಮೀಟರ್ ಹರಿಯಬೇಕಾದ ಕಾಲುವೆ ಅದು. ಯೋಜನೆ ಮಾಡಿದವರು ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಪಡಿಸಿದ್ದರು. ಮೇಲ್ಭಾಗದಲ್ಲಿ ನೀರು ಮೊದಲು ಸಿಕ್ಕಿತು, ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು, ಊರುಗಳು ಬೆಳೆದವು. ಅನಧಿಕೃತ ನೀರಾವರಿಯೂ ಬೆಳೆಯಿತು. ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ವರ್ಷವೂ ಮೈಲ್ 69ರ ಗೇಜ್ ನೋಡುತ್ತಾ, ರಸ್ತೆ ತಡೆ ಮಾಡುತ್ತಾ ಬಂದಿದ್ದಾರೆ. ಈಗ "ನೀರು ಕಡಿಮೆ ಇದೆ, ಎಲ್ಲರೂ ಸಮನಾಗಿ ತ್ಯಾಗ ಮಾಡೋಣ" ಎಂದು ಮೇಲ್ಭಾಗದವರು ಹೇಳಿದರೆ ಕೆಳಭಾಗದವನಿಗೆ ಹೇಗೆ ಅನ್ನಿಸುತ್ತದೆ? ಅವನ ಪಾಲಿಗೆ ಬಾರದೇ ಇದ್ದ ನೀರನ್ನು ಅವನು ಹೇಗೆ ತ್ಯಾಗ ಮಾಡಿಯಾನು?

ಗಾಳಿಯೂ ಹಾಗೆಯೇ ಒಂದು ಕಾಲುವೆ. ಕಲ್ಲಿದ್ದಲು, ತೈಲ ಸುಟ್ಟು ಜಗತ್ತು ಇದುವರೆಗೆ ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಭಾರತದ ಪಾಲು ನೂರಕ್ಕೆ ನಾಲ್ಕನ್ನು ಮುಟ್ಟಿಲ್ಲ. ಇವತ್ತಿಗೂ ಅಮೆರಿಕದ ಒಬ್ಬ ಪ್ರಜೆಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಬಂದರೆ ನಮ್ಮಲ್ಲಿ ತಲೆಗೆ 2 ಟನ್ ಆಸುಪಾಸು. ಹೀಗಾಗಿ ಜವಾಬ್ದಾರಿ ಎಲ್ಲರದೂ ಹೌದು, ಆದರೆ ಸಮನಲ್ಲ ಎಂಬ ತತ್ತ್ವವನ್ನು 1992ರ ರಿಯೋ ಸಮ್ಮೇಳನದಲ್ಲೇ ಒಪ್ಪಿಕೊಳ್ಳಲಾಯಿತು. ಒಪ್ಪಿಕೊಂಡದ್ದನ್ನು ಹಣವಾಗಿ ಕೊಡುವಾಗ ಕೈ ಹಿಂದಕ್ಕೆ ಸರಿಯುತ್ತದೆ. 2024ರ ನವೆಂಬರ್‌ನಲ್ಲಿ ಬಾಕು ನಗರದ ಸಮ್ಮೇಳನ 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಎಂದು ತೀರ್ಮಾನಿಸಿದಾಗ, ಇದು ಸಾಲದೆಂದು ಭಾರತದ ಪ್ರತಿನಿಧಿ ಸಭೆಯಲ್ಲೇ ಆಕ್ಷೇಪಿಸಿದರು. ಹೋಟೆಲಿನ ಆ ಎರಡನೆಯವರ ಸಿಟ್ಟಿಗೆ ಹುರುಳಿಲ್ಲವೆಂದು ನಾನು ಹೇಳಲಾರೆ.

ಆದರೆ ಈ ಕಾಲುವೆಯ ಹೋಲಿಕೆ ಎರಡೂ ಕಡೆ ಹರಿತವಾದದ್ದು. ನಮ್ಮ ಸಮುದಾಯದ ಮಟ್ಟಿಗೇ ನೋಡಿ. ಮಾಲ್ಡೀವ್ಸ್ ಸಮುದ್ರದಲ್ಲಿ ಮುಳುಗುವ ಭಯದಲ್ಲಿದೆ. ಅಲ್ಲಿನ ಸರ್ಕಾರ 2009ರಲ್ಲಿ ಜಗತ್ತಿನ ಗಮನ ಸೆಳೆಯಲು ನೀರಿನ ಅಡಿಯಲ್ಲೇ ಸಂಪುಟ ಸಭೆ ನಡೆಸಿತು. 2022ರಲ್ಲಿ ಪಾಕಿಸ್ತಾನದ ಪ್ರವಾಹದಲ್ಲಿ ಮೂರು ಕೋಟಿಗೂ ಹೆಚ್ಚು ಜನ ಸಂಕಷ್ಟಕ್ಕೆ ಸಿಕ್ಕರು. ಇವರು ಕೆಳಭಾಗದವರು. ಕತಾರ್‌ನಲ್ಲಿ ತಲೆಗೆ 35 ಟನ್ನಿಗೂ ಹೆಚ್ಚು. ಸೌದಿ, ಕುವೈತ್‌ಗಳೂ ಸಾಲಿನಲ್ಲಿ ಮುಂದೆಯೇ ಇವೆ. ನಮ್ಮ ಕೆಲವು ಮನೆಗಳ ಮಕ್ಕಳು ದುಡಿಯುತ್ತಿರುವುದು ಅಲ್ಲಿಯೇ. ಆ ಹಣದಿಂದ ಇಲ್ಲಿ ಶಾಲೆಯ ಫೀಸು ತುಂಬುತ್ತದೆ ಎಂಬುದೂ ನಿಜ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಒಂದು ಘೋಷಣೆ ಹೊರಡಿಸಿ, ಶ್ರೀಮಂತ ರಾಷ್ಟ್ರಗಳ ಜೊತೆಗೆ ತೈಲ ತೆಗೆಯುವ ರಾಷ್ಟ್ರಗಳ ಹೆಸರನ್ನೂ ಸೇರಿಸಿ, ಈ ಶತಮಾನದ ನಡುಭಾಗದೊಳಗೆ ಈ ಅನಿಲಗಳನ್ನು ನಿಲ್ಲಿಸುವುದರಲ್ಲಿ ಮುಂದಾಗಬೇಕೆಂದು ಕರೆಕೊಟ್ಟರು. ಅದು ದಿಟ್ಟ ಮಾತು. ತನ್ನವರು ಮೇಲ್ಭಾಗದಲ್ಲಿ ಕೂತಿರುವಾಗ ಕಾಲುವೆಯ ನ್ಯಾಯ ಹೇಳುವುದು ಸುಲಭವಲ್ಲ.

ಹಾಗಾದರೆ ಶಕ್ತಿನಗರ? ಕೃಷ್ಣೆಯ ದಡದ ಆ ಸ್ಥಾವರ 1985ರಿಂದ ವಿದ್ಯುತ್ ಉತ್ಪಾದಿಸುತ್ತಿದೆ. ಎಂಟು ಘಟಕ, 1,720 ಮೆಗಾವಾಟ್. ನಗರದ ಮಗ್ಗುಲಲ್ಲೇ ಯರಮರಸ್‌ನಲ್ಲಿ ಇನ್ನೂ 1,600 ಮೆಗಾವಾಟ್ ಸಾಮರ್ಥ್ಯ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಸ್ಥೂಲವಾಗಿ ಲೆಕ್ಕ ಇಟ್ಟುಕೊಳ್ಳಿ. ಬೆಂಗಳೂರಿನ ದೀಪ ಅಲ್ಲಿ, ಬೂದಿ ಇಲ್ಲಿ ಎಂಬ ನಮ್ಮ ಹಳೆಯ ದೂರು ನ್ಯಾಯವಾದದ್ದೇ. ಆದರೆ ಬೂದಿ ಬೇರೆ, ಭೂಮಿಯನ್ನು ಬಿಸಿ ಮಾಡುವ ಅನಿಲ ಬೇರೆ. ಆ ಅನಿಲ ಕಣ್ಣಿಗೆ ಕಾಣುವುದಿಲ್ಲ. ಬೂದಿಯನ್ನೂ ಗಂಧಕದ ಹೊಗೆಯನ್ನೂ ಪೂರ್ತಿ ತಡೆದರೂ ಅದು ಹೊರಗೆ ಬರುತ್ತಲೇ ಇರುತ್ತದೆ. ನಮ್ಮ ಶ್ವಾಸಕೋಶದ ಹೋರಾಟ ಬೇರೆಯೇ ಇದೆ. ಗಂಧಕದ ಹೊಗೆ ತಡೆಯಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಮಾಡಿದ ನಿಯಮಕ್ಕೆ ಗಡುವು ಮೇಲೆ ಗಡುವು ಕೊಟ್ಟು, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಡಲಾಯಿತು.

ಚಿಮಣಿ ಮುಚ್ಚಿದರೆ ಒಲೆ ಹೊತ್ತಿಸುವವರು ಯಾರು ಎಂದ ಆ ನಾಲ್ಕನೆಯವರ ಪ್ರಶ್ನೆಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. 2070ರ ಹೊತ್ತಿಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುತ್ತೇವೆಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಇವತ್ತು ಇಲ್ಲಿ ಕುಳಿತಿರುವ ಹತ್ತನೇ ತರಗತಿಯ ಮಕ್ಕಳಿಗೆ ಆಗ ಅರವತ್ತರ ಆಸುಪಾಸು. ಅಂದರೆ ಶಕ್ತಿನಗರದ ಗುತ್ತಿಗೆ ಕಾರ್ಮಿಕನ ಮಗನ ಇಡೀ ದುಡಿಮೆಯ ಕಾಲ ಈ ಬದಲಾವಣೆಯ ಒಳಗೇ ಕಳೆಯುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಆಗಿದೆ. ಜಮೀನನ್ನು ಕಸಿಯಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಕೊಟ್ಟರು. ಬರದ ಸೀಮೆಯ ರೈತನಿಗೆ ಅದು ಒಳ್ಳೆಯ ಏರ್ಪಾಡೇ. ಆದರೆ ಜಮೀನು ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಹೊಗೆಯಿಲ್ಲದ ವಿದ್ಯುತ್ತಿಗೂ ಒಂದು ಮೇಲ್ಭಾಗ, ಒಂದು ಕೆಳಭಾಗ ಇದೆ ನೋಡಿ.

ದೇವದುರ್ಗದಿಂದ ಬಂದಿರುವವರಿಗೆ ಕೆಳಭಾಗ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿದ ತಾಲ್ಲೂಕು ಅದು. ಕೃಷ್ಣೆ ಪಕ್ಕದಲ್ಲೇ ಹರಿಯುತ್ತಾಳೆ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಗುಳೆಯ ಜೊತೆ ಮಕ್ಕಳೂ ಹೋಗುತ್ತಾರೆ. ಒಂದು ಶಿಕ್ಷಣ ಸಂಘಕ್ಕೆ ಹವಾಮಾನದ ವಿಷಯ ಏಕೆ ಎಂದು ಕೇಳುವವರಿದ್ದರೆ ಅವರಿಗೆ ದೇವದುರ್ಗದ ಹಾಜರಿ ಪುಸ್ತಕ ತೋರಿಸಿರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ರಾಜ್ಯ ಸರ್ಕಾರ ಕೇಂದ್ರದ ಮುಂದೆ ಇಟ್ಟ ಬೇಡಿಕೆ 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಮಂಜೂರಾದದ್ದು ಸುಮಾರು 3,454 ಕೋಟಿ. ಬಾಕುವಿನಲ್ಲಿ ಭಾರತ ಶ್ರೀಮಂತ ರಾಷ್ಟ್ರಗಳಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ರಾಜ್ಯ ಕೇಂದ್ರಕ್ಕೆ ಕೇಳಿತು. ದೇವದುರ್ಗ ಅದನ್ನು ರಾಜ್ಯಕ್ಕೆ ಕೇಳಿದರೆ ತಪ್ಪೇನು?

ಈಗ ಭತ್ತದ ಗದ್ದೆಗೆ ಮರಳೋಣ. ಆ 40 ಲಕ್ಷ ಟನ್ ಹೊಟ್ಟೆಪಾಡಿನದು, ಅದನ್ನು ಕೇಳುವ ಹಕ್ಕು ಅಮೆರಿಕಕ್ಕೆ ಇಲ್ಲ ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕೇಳುವ ಹಕ್ಕು ಮಾನ್ವಿಯ ಕೆಳಭಾಗದ ರೈತನಿಗೆ ಇದೆ. ಏಕೆಂದರೆ ಮೀಥೇನ್ ಹುಟ್ಟಿಸುವ ಆ ನಿಂತ ನೀರು ಅವನ ಪಾಲಿನ ನೀರೇ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಒಂದು ಸರಳ ವಿಧಾನವಿದೆ. ಸುಮಾರು ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪಿನ ಕೆಳಗಿನ ಅರ್ಧಕ್ಕೆ ರಂಧ್ರ ಕೊರೆದು ಗದ್ದೆಯಲ್ಲಿ ಹೂಳುವುದು. ನಾಟಿಯಾದ ಒಂದೆರಡು ವಾರದ ನಂತರ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಪೈಪಿನೊಳಗೆ ನೀರು ನೆಲದಿಂದ ಅರ್ಧ ಅಡಿ ಕೆಳಗೆ ಇಳಿದಾಗ ಮಾತ್ರ ಮತ್ತೆ ಹಾಯಿಸುವುದು. ಹೂ ಬಿಡುವ ಸಮಯದಲ್ಲಿ ಮಾತ್ರ ನೀರು ನಿಲ್ಲಿಸುವುದು. ಇದರಿಂದ ಮೀಥೇನ್ ಅರ್ಧದಷ್ಟು ಇಳಿಯುತ್ತದೆ, ನೀರಿನಲ್ಲಿ ನೂರಕ್ಕೆ ಮೂವತ್ತರವರೆಗೂ ಉಳಿತಾಯ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಪ್ರೋತ್ಸಾಹಿಸಿದ ಕೂರಿಗೆ ಭತ್ತವೂ ನೀರು ಉಳಿಸುವ ದಾರಿಯೇ. ಅದರಲ್ಲಿ ಕಳೆಯ ಕಾಟ ಜಾಸ್ತಿ, ಅದನ್ನು ಮುಚ್ಚಿಡುವುದು ಬೇಡ.

ಇಷ್ಟು ಸುಲಭವಿದ್ದರೆ ಎಲ್ಲರೂ ಏಕೆ ಮಾಡುವುದಿಲ್ಲ? ರೈತನಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣಕಾರರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಕಾಲುವೆಯಲ್ಲಿ ನೀರು ಇದ್ದಾಗ ಅವನು ಗದ್ದೆ ತುಂಬ ತುಂಬಿಸಿಕೊಳ್ಳುವುದು ಮುಂದಿನ ಸರದಿಗೆ ನೀರು ಬರುತ್ತದೋ ಇಲ್ಲವೋ ಎಂಬ ಭಯದಿಂದ. ವಾರಬಂದಿ ಹಾಳೆಯಲ್ಲಿ ಬರೆದ ದಿನವೇ ಉಪಕಾಲುವೆಗೆ ನೀರು ಬಂದರೆ ಮಾತ್ರ ಅವನು ಮಡಿ ಒಣಗಲು ಬಿಡುತ್ತಾನೆ. ಅಂಥ ಭರವಸೆ ಇಲ್ಲದ ಕಡೆ ಪೈಪ್ ಹೂಳಿ ಪ್ರಯೋಜನವಿಲ್ಲ. ನೀರಾವರಿ ಇಲಾಖೆ ಗೇಜನ್ನು ಕಾಯ್ದುಕೊಳ್ಳಬೇಕು, ಮೇಲ್ಭಾಗದ ಅನಧಿಕೃತ ಪಂಪುಗಳನ್ನು ತೆಗೆಸಬೇಕು. ಅದನ್ನು ಕೇಳುವಾಗ ನಮ್ಮ ಕೈಯಲ್ಲಿ ಬರೀ ಘೋಷಣೆಯ ಬದಲು ಅಂಕಿಗಳಿರಬೇಕು.

ಆದ್ದರಿಂದ ಸಂಘದ ಮುಂದೆ ಒಂದು ಸಣ್ಣ ಕೆಲಸ ಇಡುತ್ತೇನೆ. ಈ ಮುಂಗಾರಿನಲ್ಲಿ ನಮ್ಮದೇ ಸದಸ್ಯರ ಎರಡು ಗದ್ದೆಗಳು ಸಾಕು, ಒಂದು ಕಾಲುವೆಯ ಮೇಲ್ಭಾಗಕ್ಕೆ, ಇನ್ನೊಂದು ಕೆಳಭಾಗಕ್ಕೆ. ಪೈಪಿನ ಖರ್ಚು ಕೆಲವು ನೂರು ರೂಪಾಯಿ. ಉಪಕಾಲುವೆಗೆ ನೀರು ಬಂದ ದಿನ, ನಿಂತ ದಿನ, ಪೈಪಿನೊಳಗಿನ ನೀರಿನ ಮಟ್ಟ, ಕೊನೆಗೆ ಎಕರೆಗೆ ಬಂದ ಚೀಲಗಳು, ಇಷ್ಟನ್ನು ತಾರೀಖು ಹಾಕಿ ಬರೆದಿಡಲು ಮಾನ್ವಿಯ ಕಾಲೇಜಿನಲ್ಲಿ ಓದುತ್ತಿರುವ ನಾಲ್ಕು ಜನ ವಿದ್ಯಾರ್ಥಿಗಳು ಬೇಕು, ಹೆಣ್ಣುಮಕ್ಕಳೂ ಬರಬಹುದು. ಗದ್ದೆ ಕೊಡಲು ಒಪ್ಪುವ ಹಿರಿಯರು ಮತ್ತು ಬರೆದಿಡಲು ಮನಸ್ಸುಳ್ಳ ವಿದ್ಯಾರ್ಥಿಗಳು ಊಟಕ್ಕೆ ಮೊದಲು ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಲೆಕ್ಕವನ್ನು, ಬೆಳೆ ಬಂದಿರಲಿ ಕೈಕೊಟ್ಟಿರಲಿ, ಇದ್ದದ್ದು ಇದ್ದಂತೆ ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ.